ಗುರುತಿಲ್ಲದವರ ಅಟ್ಯಾಚ್‌ಮೆಂಟ್ ತೆರೆಯುವುದೇ ನಮ್ಮ ಕೆಲಸ, ಕಂಪ್ಯೂಟರ್ ಉಳಿಸಿಕೊಳ್ಳುವುದು ಹೇಗೆ?

ಪ್ರೆಸ್_ಕಿನ್ನಿಮುಲ್ಕಿ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಉಂಟು, ಜೊತೆಗೆ ಡಿಟಿಪಿ ಕೆಲಸ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ನೇಮದ ಹ್ಯಾಂಡ್‌ಬಿಲ್, ಯಕ್ಷಗಾನದ ಪೋಸ್ಟರ್, ಸಹಕಾರಿ ಸಂಘಗಳ ವಾರ್ಷಿಕ ವರದಿ, ಎಲ್ಲವೂ ಬರುತ್ತದೆ. ಮೊದಲು ಜನ ಕೈಬರಹದ ಹಾಳೆ ಹಿಡಿದುಕೊಂಡು ಅಂಗಡಿಗೇ ಬರುತ್ತಿದ್ದರು. ಈಗ ಮುಕ್ಕಾಲು ಪಾಲು ಇಮೇಲ್‌ನಲ್ಲೇ. ಮುಂಬೈಯಲ್ಲಿ ಇರುವವರು ಊರಿನ ದೈವಸ್ಥಾನದ ಆಮಂತ್ರಣ ಮಾಡಿಸುತ್ತಾರೆ, ಕುವೈತ್‌ನಲ್ಲಿ ಇರುವವರು ತಂಗಿಯ ಮದುವೆಗೆ ಫೋಟೊಗಳನ್ನು ಜಿಪ್ ಮಾಡಿ, ಅಂದರೆ ಒಂದೇ ಫೈಲಿನಲ್ಲಿ ಕಟ್ಟಿ ಕಳಿಸುತ್ತಾರೆ. ಅವರ ಮುಖ ನಾವು ನೋಡಿಯೇ ಇರುವುದಿಲ್ಲ.

ನನ್ನ ತಲೆಬಿಸಿ ಇದು. ವೈರಸ್ ಬಗ್ಗೆ ಎಲ್ಲಿ ಓದಿದರೂ ಮೊದಲ ಮಾತು ಒಂದೇ, ಗುರುತಿಲ್ಲದವರ ಅಟ್ಯಾಚ್‌ಮೆಂಟ್ ತೆರೆಯಬೇಡಿ. ತೆರೆಯದೆ ನಾವು ಎಂತ ಮಾಡುವುದು ಮಾರಾಯ್ರೆ? ನಮ್ಮ ಅನ್ನವೇ ಅದರಲ್ಲಿ ಉಂಟು. ಎಚ್ಚರಿಕೆಯಿಂದ ಇರಿ ಎಂದು ಹುಡುಗರಿಗೆ ಹೇಳಬಹುದು. ಆದರೆ ಮದುವೆ ಸೀಸನ್‌ನಲ್ಲಿ, ಮೂರು ಪಾರ್ಟಿ ಕೌಂಟರ್‌ನಲ್ಲಿ ನಿಂತು "ಪ್ರೂಫ್ ಆಯ್ತಾ" ಎಂದು ಕೇಳುವಾಗ, ಪ್ರತಿ ಇಮೇಲನ್ನು ಕೂತು ಪರೀಕ್ಷೆ ಮಾಡಲು ಯಾರಿಗೆ ಆಗುತ್ತದೆ?

ನಮಗೆ ಪರಿಚಯದ ಒಂದು ಪ್ರೆಸ್‌ನಲ್ಲಿ ಬೆಳಿಗ್ಗೆ ಬಾಗಿಲು ತೆಗೆದು ನೋಡುವಾಗ ಎಲ್ಲ ಫೈಲ್‌ಗಳ ಹೆಸರಿನ ಕೊನೆಗೆ ಎಂತದೋ ಅಕ್ಷರ ಸೇರಿಕೊಂಡಿತ್ತು. ಒಂದೂ ತೆರೆಯಲಿಲ್ಲ. ದುಡ್ಡು ಕೊಟ್ಟರೆ ಬಿಡಿಸಿ ಕೊಡುತ್ತೇವೆ ಎಂಬ ನೋಟಿಸ್ ಸ್ಕ್ರೀನ್ ಮೇಲೆ ಇತ್ತು. ವರ್ಷಗಟ್ಟಲೆ ಇಟ್ಟುಕೊಂಡಿದ್ದ ಬಿಲ್ ಬುಕ್, ಲೆಟರ್‌ಹೆಡ್ ಡಿಸೈನ್ ಎಲ್ಲ ಹೋಯಿತು. ಅವರ ಸ್ಥಿತಿ ನೋಡಿದ ಮೇಲೆ ನನಗೆ ಸರಿಯಾಗಿ ನಿದ್ದೆ ಇಲ್ಲ.

ನಮ್ಮಲ್ಲಿ ಮೂರು ಕಂಪ್ಯೂಟರ್ ಇವೆ. ಎರಡರಲ್ಲಿ ವಿಂಡೋಸ್ 10, ಡಿಸೈನ್ ಮಾಡುವ ಕೋರೆಲ್‌ಡ್ರಾ, ಆಫೀಸ್ 2010. ಇನ್ನೊಂದರಲ್ಲಿ ವಿಂಡೋಸ್ 7, ಅದರಲ್ಲಿ ಪುಟ ಜೋಡಿಸುವ ಹಳೆ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ. ಹಳೆಯ ಪುಸ್ತಕಗಳ ಫೈಲ್ ಎಲ್ಲ ಅದರಲ್ಲೇ ಇರುವುದರಿಂದ ಬಿಡುವ ಹಾಗಿಲ್ಲ. ಮೂರಕ್ಕೂ ಒಂದು ಶೇರ್ ಫೋಲ್ಡರ್ ಉಂಟು. ಆಂಟಿವೈರಸ್ ಹಾಕಿದ್ದೆವು, ಅದರ ವರ್ಷ ಮುಗಿದಿದೆ. ಇಷ್ಟರಲ್ಲಿ ಎಲ್ಲಿಂದ ಶುರು ಮಾಡಬೇಕು, ಗೊತ್ತಿರುವವರು ಹೇಳಿ.

ಕೊಡಿಯಾಲ್_ನೆಟ್‌ವರ್ಕ್

ಅಣ್ಣ, ನಿಮ್ಮ ಪ್ರಶ್ನೆಯೇ ಸರಿಯಾದ ಪ್ರಶ್ನೆ. "ತೆರೆಯಬೇಡಿ" ಎಂಬ ಸಲಹೆ ಮನೆಯಲ್ಲಿ ಇಮೇಲ್ ನೋಡುವವರಿಗೆ ಆಗುತ್ತದೆ. ಪ್ರೆಸ್, ಜೆರಾಕ್ಸ್ ಅಂಗಡಿ, ವಕೀಲರ ಆಫೀಸ್, ಕೆಲಸಕ್ಕೆ ಬಯೋಡಾಟಾ ತರಿಸಿಕೊಳ್ಳುವ ಕಂಪನಿ, ಇವರಿಗೆಲ್ಲ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಇವತ್ತಲ್ಲ ನಾಳೆ ಒಂದು ಕೆಟ್ಟ ಫೈಲ್ ತೆರೆದೇ ತೆರೆಯುತ್ತೀರಿ ಎಂದು ಇಟ್ಟುಕೊಂಡೇ ವ್ಯವಸ್ಥೆ ಮಾಡಬೇಕು. ತೆರೆದರೂ ನಷ್ಟ ಒಂದು ಕಂಪ್ಯೂಟರಿಗೆ ಮುಗಿಯಬೇಕು, ಮರುದಿನ ಕೆಲಸ ನಡೆಯಬೇಕು. ನಾನು ಮಂಗಳೂರಿನಲ್ಲಿ ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವವ, ಹೋದಲ್ಲೆಲ್ಲ ಇದನ್ನೇ ಹೇಳುವುದು.

ಮೊದಲ ಕೆಲಸ, ಇಮೇಲ್ ತೆರೆಯಲು ಒಂದೇ ಕಂಪ್ಯೂಟರ್ ಇಡಿ. ಈಗ ನಿಮ್ಮಲ್ಲಿ ಯಾರು ಫ್ರೀ ಇದ್ದಾರೋ ಅವರು ಅವರವರ ಕಂಪ್ಯೂಟರಿನಲ್ಲಿ ತೆರೆಯುತ್ತಿರಬಹುದು, ಹೆಚ್ಚಿನ ಪ್ರೆಸ್‌ಗಳಲ್ಲಿ ಹಾಗೆಯೇ. ಅದನ್ನು ನಿಲ್ಲಿಸಿ. ಕೌಂಟರ್ ಹತ್ತಿರ ಒಂದು ಇರಲಿ, ಸೆಕೆಂಡ್ ಹ್ಯಾಂಡ್ ಆದರೂ ಸಾಕು. ಅದರಲ್ಲಿ ಕೋರೆಲ್ ಬೇಡ, ಹಳೆ ಡಿಸೈನ್ ಬೇಡ, ನಿಮ್ಮ ಬ್ಯಾಂಕ್ ಲಾಗಿನ್ ಅಂತೂ ಬೇಡವೇ ಬೇಡ. ಬಂದ ಫೈಲನ್ನು ಅಲ್ಲಿ ನೋಡಿ, ಸರಿ ಉಂಟು ಎಂದಾದ ಮೇಲೆ ಮಾತ್ರ ಒಳಗಿನ ಕಂಪ್ಯೂಟರಿಗೆ ಕೊಡಿ. ಮೂರಕ್ಕೂ ಒಂದು ಶೇರ್ ಫೋಲ್ಡರ್ ಉಂಟು ಎಂದಿರಲ್ಲ, ನನಗೆ ಹೆದರಿಕೆ ಆದದ್ದು ಅದನ್ನು ಓದಿಯೇ. ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್ ಒಂದು ಕಂಪ್ಯೂಟರ್ ಹೊಕ್ಕಿತೆಂದರೆ, ಆ ಕಂಪ್ಯೂಟರಿಗೆ ಬರೆಯಲು ಅನುಮತಿ ಇರುವ ಎಲ್ಲ ಶೇರ್ ಫೋಲ್ಡರ್‌ಗಳನ್ನೂ ಹಾಳು ಮಾಡುತ್ತದೆ. ನಿಮ್ಮ ಪರಿಚಯದವರಲ್ಲಿ ಎಲ್ಲ ಒಟ್ಟಿಗೆ ಹೋದದ್ದು ಬಹುಶಃ ಹೀಗೆಯೇ. ಕೌಂಟರಿನ ಕಂಪ್ಯೂಟರ್ ಒಂದೇ ಒಂದು ಸಣ್ಣ ಫೋಲ್ಡರಿಗೆ ಬರೆಯಲಿ, ಉಳಿದದ್ದು ಅದರ ಕಣ್ಣಿಗೂ ಬೀಳಬಾರದು.

ಎರಡನೆಯದು, ಫೈಲಿನ ಪೂರ್ತಿ ಹೆಸರು ಕಾಣುವ ಹಾಗೆ ಮಾಡಿ. ಹೆಸರಿನ ಕೊನೆಗೆ ಚುಕ್ಕಿಯ ನಂತರ ಅದು ಯಾವ ಜಾತಿಯ ಫೈಲ್ ಎಂದು ಹೇಳುವ ಅಕ್ಷರಗಳಿರುತ್ತವೆ, ಆ ಬಾಲವನ್ನು ವಿಂಡೋಸ್ ತಾನಾಗಿ ಅಡಗಿಸಿ ಇಡುತ್ತದೆ. ಫೋಲ್ಡರ್ ತೆರೆದು ಮೇಲಿನ ವ್ಯೂ ಮೆನುವಿನಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್" ಎಂಬಲ್ಲಿ ಟಿಕ್ ಹಾಕಿದರೆ ಆಯಿತು. ಈ ಅಡಗಿಸುವ ಬುದ್ಧಿಯಿಂದಲೇ 2000ನೇ ಇಸವಿಯ ಮೇ ತಿಂಗಳಲ್ಲಿ "ಐ ಲವ್ ಯೂ" ವೈರಸ್ ಜಗತ್ತಿಡೀ ಹರಡಿದ್ದು. ಫಿಲಿಪೀನ್ಸ್‌ನಿಂದ ಹೊರಟ ವೈರಸ್ ಅದು. ಅಟ್ಯಾಚ್‌ಮೆಂಟಿನ ಹೆಸರಿನ ಕೊನೆಗೆ ಟಿಎಕ್ಸ್‌ಟಿ, ಅದರ ನಂತರ ವಿಬಿಎಸ್ ಎಂದು ಇತ್ತು. ವಿಬಿಎಸ್ ಕಾಣದ್ದರಿಂದ ಜನ ಅದನ್ನು ಪ್ರೇಮಪತ್ರದ ಟೆಕ್ಸ್ಟ್ ಫೈಲ್ ಎಂದುಕೊಂಡು ತೆರೆದರು. ಅದು ಔಟ್‌ಲುಕ್‌ನಲ್ಲಿದ್ದ ಎಲ್ಲ ವಿಳಾಸಗಳಿಗೂ ತನ್ನನ್ನು ತಾನೇ ಕಳಿಸಿಕೊಂಡಿತು, ಕಂಪ್ಯೂಟರಿನಲ್ಲಿದ್ದ ಜೆಪಿಜಿ ಫೋಟೊಗಳ ಮೇಲೆ ತನ್ನದೇ ಪ್ರತಿ ಬರೆದು ಅಳಿಸಿಹಾಕಿತು. ಇಷ್ಟು ವರ್ಷ ಆದ ಮೇಲೂ ವಿಂಡೋಸ್‌ನಲ್ಲಿ ಆ ಬಾಲ ಅಡಗಿಯೇ ಇರುತ್ತದೆ, ನಾವೇ ಹೋಗಿ ತೋರಿಸು ಎನ್ನಬೇಕು.

ಬಾಲ ಕಾಣಲು ಶುರುವಾದ ಮೇಲೆ ಹುಡುಗರಿಗೆ ಇಷ್ಟು ಕಲಿಸಿ. ಇಎಕ್ಸ್‌ಇ, ಎಸ್‌ಸಿಆರ್, ಜೆಎಸ್, ವಿಬಿಎಸ್, ಬ್ಯಾಟ್, ಎಲ್‌ಎನ್‌ಕೆ, ಐಎಸ್‌ಒ, ಇವು ಯಾವುವೂ ಮದುವೆ ಕಾಗದದ ಮ್ಯಾಟರ್, ಅಂದರೆ ಅಚ್ಚಾಗುವ ಬರಹ, ಆಗಲು ಸಾಧ್ಯವಿಲ್ಲ. ಕಳಿಸಿದವರು ಯಾರೇ ಇರಲಿ, ತೆರೆಯುವ ಪ್ರಶ್ನೆಯೇ ಇಲ್ಲ. ನಿಮ್ಮ ಕೆಲಸಕ್ಕೆ ಬೇಕಾದದ್ದು ಪಿಡಿಎಫ್, ಜೆಪಿಜಿ, ಕೋರೆಲಿನ ಸಿಡಿಆರ್, ವರ್ಡ್ ಫೈಲ್, ಮತ್ತೆ ಜಿಪ್. ಎಚ್‌ಟಿಎಂಎಲ್ ಎಂಬ ಬಾಲದ ಅಟ್ಯಾಚ್‌ಮೆಂಟ್ ಬಂದರೆ ಅದೂ ಬೇಡ. ತೆರೆದ ಕೂಡಲೇ ಗೂಗಲ್ ಲಾಗಿನ್ ಹಾಗೆಯೇ ಕಾಣುವ ಪುಟ ಬರುತ್ತದೆ, ಪಾಸ್‌ವರ್ಡ್ ಕೊಟ್ಟರೆ ನಿಮ್ಮ ಇಮೇಲೇ ಹೋಯಿತು.

ಮೂರನೆಯದು ವರ್ಡ್ ಮತ್ತು ಎಕ್ಸೆಲ್. ಇದರಲ್ಲಿ ಮ್ಯಾಕ್ರೋ ಎಂದರೆ ಫೈಲಿನ ಒಳಗೇ ಅಡಗಿರುವ ಸಣ್ಣ ಪ್ರೋಗ್ರಾಮ್. 1999ರಲ್ಲಿ ಮೆಲಿಸ್ಸಾ ಎಂಬ ವೈರಸ್ ಹೀಗೆಯೇ ವರ್ಡ್ ಫೈಲಿನಲ್ಲಿ ಬಂದು, ವಿಳಾಸ ಪಟ್ಟಿಯ ಮೊದಲ 50 ಜನರಿಗೆ ಹೋಗುತ್ತಿತ್ತು. ಈಗಲೂ ಅದೇ ದಾರಿ ನಡೆಯುತ್ತಿದೆ. ಫೈಲ್ ತೆರೆದ ಮೇಲೆ "ಸರಿಯಾಗಿ ಕಾಣಬೇಕಾದರೆ ಎನೇಬಲ್ ಕಂಟೆಂಟ್ ಒತ್ತಿ" ಎಂದು ಬರೆದಿರುತ್ತಾರೆ. ಒತ್ತಿದರೆ ಮುಗಿಯಿತು. ಬರೀ ಹೆಸರು, ಮುಹೂರ್ತ, ಸ್ಥಳ ಇರುವ ವರ್ಡ್ ಫೈಲಿಗೆ ಮ್ಯಾಕ್ರೋ ಯಾಕೆ ಬೇಕು ಹೇಳಿ? 2022ರಿಂದ ಮೈಕ್ರೋಸಾಫ್ಟ್ ಇಂಟರ್ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೋವನ್ನು ತಾನಾಗಿ ತಡೆಯುತ್ತಿದೆ. ಆದರೆ ನಿಮ್ಮ ಆಫೀಸ್ 2010ರಲ್ಲಿ ಆ ತಡೆ ಇಲ್ಲ, ಅದಕ್ಕೆ ಅಪ್‌ಡೇಟ್ ಬರುವುದು 2020ರಲ್ಲೇ ನಿಂತಿದೆ. ಕೌಂಟರಿನ ಕಂಪ್ಯೂಟರಿನಲ್ಲಿ ಅದು ಬೇಡ, ವರ್ಡ್ ಫೈಲ್ ತೆರೆಯುವ ಲಿಬ್ರೆಆಫೀಸ್ ಹಾಕಿ. ದುಡ್ಡಿಲ್ಲದೆ ಸಿಗುತ್ತದೆ, ಮ್ಯಾಟರ್ ಓದಿ ಕಾಪಿ ಮಾಡಲು ಧಾರಾಳ ಸಾಕು.

ಇನ್ನೊಂದು ವಿಷಯ, ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಇಂಟರ್ನೆಟ್‌ನಿಂದ ಇಳಿಸಿದ ಫೈಲಿಗೆ ವಿಂಡೋಸ್ ಒಂದು ಗುರುತು ಅಂಟಿಸುತ್ತದೆ, ಇದು ಹೊರಗಿನಿಂದ ಬಂದದ್ದು ಎಂದು. ಮ್ಯಾಕ್ರೋ ತಡೆಯುವುದು, ತೆರೆಯುವ ಮೊದಲು ಎಚ್ಚರಿಸುವುದು ಎಲ್ಲ ಆ ಗುರುತಿನ ಮೇಲೆ ನಿಂತಿದೆ. ಫೈಲನ್ನು ಎಫ್‌ಎಟಿ32 ಎಂಬ ಹಳೆ ಬಗೆಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿಗೆ ಹಾಕಿದರೆ ಆ ಗುರುತು ಅಳಿಸಿ ಹೋಗುತ್ತದೆ. ಕೆಲವು ಜಿಪ್ ಬಿಚ್ಚುವ ಪ್ರೋಗ್ರಾಮ್‌ಗಳಲ್ಲೂ ಹಾಗೆಯೇ. ಅಂದರೆ ಒಂದು ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇನ್ನೊಂದಕ್ಕೆ ಕೊಟ್ಟರೆ, ಆ ಇನ್ನೊಂದು ಅದನ್ನು ಮನೆಯ ಫೈಲ್ ಎಂದೇ ತಿಳಿಯುತ್ತದೆ. ಹಾಗಾಗಿ ಪರೀಕ್ಷೆ ಏನಿದ್ದರೂ ಪೆನ್‌ಡ್ರೈವಿಗೆ ಹೋಗುವ ಮೊದಲೇ ಆಗಬೇಕು.

ಬ್ಯಾಕಪ್ ಬಗ್ಗೆ ಬರೆಯಲು ತುಂಬ ಉಂಟು, ರಾತ್ರಿ ಬರೆಯುತ್ತೇನೆ.

ಬಲ್ಮಠ_ಲೆಕ್ಕ

ನಾನು ಟ್ಯಾಕ್ಸ್ ಪ್ರಾಕ್ಟೀಸ್ ಮಾಡುತ್ತೇನೆ, ಮಂಗಳೂರಿನ ಬಲ್ಮಠದಲ್ಲಿ ಆಫೀಸ್. ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಗುರುತಿಲ್ಲದವರಿಗೆ ಮಾತ್ರ ಹೆದರಿದರೆ ಸಾಲದು, ಗುರುತಿರುವವರ ಇಮೇಲ್ ಇನ್ನೂ ಕಷ್ಟ. ಎಮೋಟೆಟ್ ಎಂಬ ವೈರಸ್ ಒಬ್ಬರ ಇಮೇಲ್ ಕದ್ದು, ಅವರು ನಿಮ್ಮ ಜೊತೆ ನಿಜವಾಗಿ ಮಾಡಿದ ಹಳೆ ಮಾತುಕತೆಗೇ ಉತ್ತರ ಎನ್ನುವ ಹಾಗೆ ಕೆಟ್ಟ ವರ್ಡ್ ಫೈಲ್ ಕಳಿಸುತ್ತಿತ್ತು. ಕೆಳಗೆ ನಿಮ್ಮದೇ ಹಳೆ ಇಮೇಲ್ ಕಾಣುವಾಗ ಯಾರಿಗೆ ಸಂಶಯ ಬರುತ್ತದೆ? ಯುರೋಪಿನ ಪೊಲೀಸರು ಬೇರೆ ದೇಶದವರ ಜೊತೆ ಸೇರಿ 2021ರ ಜನವರಿಯಲ್ಲಿ ಅದರ ಸರ್ವರುಗಳನ್ನು ಹಿಡಿದರು, ಅದೇ ವರ್ಷದ ಕೊನೆಗೆ ಅದು ಮತ್ತೆ ಎದ್ದು ಬಂತು.

ನಮ್ಮ ಆಫೀಸಿನಲ್ಲಿ ಇದಕ್ಕೆ ಒಂದೇ ನಿಯಮ. ನಾವು ಕೇಳದೆ ಅಟ್ಯಾಚ್‌ಮೆಂಟ್ ಬಂದರೆ ಪಾರ್ಟಿಗೆ ಫೋನ್ ಮಾಡುವುದು. ಆ ಇಮೇಲಿನಲ್ಲಿ ಕೊಟ್ಟ ನಂಬರಿಗೆ ಅಲ್ಲ, ನಮ್ಮ ಪುಸ್ತಕದಲ್ಲಿ ಇರುವ ನಂಬರಿಗೆ. "ಸರ್, ಒಂದು ಎಕ್ಸೆಲ್ ಕಳಿಸಿದ್ದೀರಾ" ಎಂದು ಕೇಳಿದರೆ ಆಯಿತು. ಯಾರೂ ಬೇಜಾರು ಮಾಡಿಕೊಂಡದ್ದಿಲ್ಲ.

ಪ್ರೆಸ್‌ನವರಿಗೂ ಬರುವ ಇನ್ನೊಂದು ಜಾತಿ ಉಂಟು, ಜಿಎಸ್‌ಟಿ ನೋಟಿಸ್, ಇನ್‌ಕಮ್ ಟ್ಯಾಕ್ಸ್ ನೋಟಿಸ್ ಎಂದು. ನೋಟಿಸ್ ಎಂದ ಕೂಡಲೇ ಕೈ ನಡುಗಿ ಫೈಲ್ ತೆರೆಯುತ್ತಾರೆ, ಕಳಿಸುವವರಿಗೆ ಬೇಕಾದದ್ದೂ ಅದೇ. ತೆರೆಯಬೇಡಿ. 2019ರ ಅಕ್ಟೋಬರ್‌ನಿಂದ ಇನ್‌ಕಮ್ ಟ್ಯಾಕ್ಸ್‌ನವರು ಕಳಿಸುವ ಪತ್ರಗಳಲ್ಲಿ ಡಿಐಎನ್ ಎಂಬ, ಆ ಪತ್ರದ ಗುರುತಿನ ನಂಬರ್ ಇರುತ್ತದೆ. ಜಿಎಸ್‌ಟಿ ನೋಡಿಕೊಳ್ಳುವ ಪರೋಕ್ಷ ತೆರಿಗೆಯ ಕೇಂದ್ರ ಮಂಡಳಿಯೂ ಅದೇ ವರ್ಷ ನವೆಂಬರ್‌ನಲ್ಲಿ ಅದನ್ನು ತಂದಿತು. ಇನ್‌ಕಮ್ ಟ್ಯಾಕ್ಸ್ ಪೋರ್ಟಲಿನಲ್ಲಿ ಲಾಗಿನ್ ಆಗದೆಯೂ ನೋಟಿಸ್ ಅಸಲಿಯೋ ಎಂದು ನೋಡುವ ಜಾಗ ಉಂಟು. ಅದಕ್ಕಿಂತ ಸುಲಭ, ಬ್ರೌಸರಿನಲ್ಲಿ ವಿಳಾಸ ನೀವೇ ಟೈಪ್ ಮಾಡಿ ನಿಮ್ಮ ಖಾತೆಗೆ ಹೋಗಿ ನೋಡಿ. ನಿಜವಾದ ನೋಟಿಸ್ ಅಲ್ಲಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ನಿಮ್ಮ ಆಡಿಟರಿಗೆ ಫೋನ್ ಮಾಡಿ. ಸಂಶಯ ಬಂದಾಗ ಕೇಳಿದರೆ ನಮಗೆ ಖುಷಿಯೇ, ತಲೆ ಮೇಲೆ ಬಿದ್ದ ಮೇಲೆ ಕೇಳಿದರೆ ನಮ್ಮಿಂದ ಹೆಚ್ಚೇನೂ ಆಗುವುದಿಲ್ಲ.

ಸುರತ್ಕಲ್_ಲಿನಕ್ಸ್

ವಿಂಡೋಸ್ ಬದಲು ಲಿನಕ್ಸ್ ಹಾಕಿ, ಈ ರಗಳೆಯೇ ಇಲ್ಲ.

ಪ್ರೆಸ್_ಕಿನ್ನಿಮುಲ್ಕಿ

ಕೋರೆಲ್‌ಡ್ರಾ ಅದರಲ್ಲಿ ನಡೆಯುತ್ತದಾ? ಪೇಜ್‌ಮೇಕರ್? ನಮ್ಮ ಇಡೀ ಕೆಲಸ ಅವುಗಳ ಮೇಲೆ ನಿಂತಿದೆ. ಅದನ್ನು ಬಿಟ್ಟು ಬೇರೆ ಕಲಿಯಲು ಈಗ ಹೊತ್ತಿಲ್ಲ.

ಸುರತ್ಕಲ್_ಲಿನಕ್ಸ್

ಕೋರೆಲ್ ನಡೆಯುವುದಿಲ್ಲ, ಒಪ್ಪುತ್ತೇನೆ. ಡಿಸೈನ್ ಮಾಡುವ ಕಂಪ್ಯೂಟರಿಗೆ ವಿಂಡೋಸೇ ಇರಲಿ. ನಾನು ಹೇಳುವುದು ಮೇಲಿನ ಅಣ್ಣ ಹೇಳಿದ ಆ ಕೌಂಟರಿನ ಕಂಪ್ಯೂಟರಿಗೆ. ಅದರಲ್ಲಿ ಎಂತ ಮಾಡುತ್ತೀರಿ? ಇಮೇಲ್ ನೋಡುತ್ತೀರಿ, ಪಿಡಿಎಫ್ ತೆರೆಯುತ್ತೀರಿ, ವರ್ಡ್ ಫೈಲ್ ಓದುತ್ತೀರಿ, ಜಿಪ್ ಬಿಚ್ಚಿ ಫೋಟೊ ನೋಡುತ್ತೀರಿ. ಇಷ್ಟಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಚೆನ್ನಾಗಿ ಆಗುತ್ತದೆ, ನೋಡಲು ಹಳೆ ವಿಂಡೋಸ್ ಹಾಗೆಯೇ ಇರುವುದರಿಂದ ಹುಡುಗರಿಗೆ ಕಷ್ಟ ಆಗುವುದಿಲ್ಲ. 4 ಜಿಬಿ ರ‍್ಯಾಮ್ ಇರುವ ಹಳೆ ಕಂಪ್ಯೂಟರಿನಲ್ಲೂ ಓಡುತ್ತದೆ. ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತದೆ.

ವಿಂಡೋಸ್‌ಗೆಂದು ಬರೆದ ಇಎಕ್ಸ್‌ಇ ಫೈಲನ್ನು ಲಿನಕ್ಸ್‌ನಲ್ಲಿ ಎರಡು ಸಲ ಒತ್ತಿದರೂ ಅದು ಓಡುವುದಿಲ್ಲ. ಇಮೇಲಿನಲ್ಲಿ ಬರುವ ಕೆಟ್ಟ ಫೈಲುಗಳಲ್ಲಿ ಹೆಚ್ಚಿನವು ವಿಂಡೋಸ್ ಇದೆ ಎಂದುಕೊಂಡೇ ಬರುವವು. ಲಿನಕ್ಸ್‌ಗೆ ವೈರಸ್ಸೇ ಇಲ್ಲ ಎಂದು ನಾನು ಹೇಳುವುದಿಲ್ಲ, ಅದು ಸುಳ್ಳು. ಮೋಸದ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟರೆ ಲಿನಕ್ಸ್ ಆದರೂ ಒಂದೇ, ವಿಂಡೋಸ್ ಆದರೂ ಒಂದೇ. ಆದರೆ ನಿಮ್ಮ ಕೌಂಟರಿಗೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ನನಗೆ ಗೊತ್ತಿಲ್ಲ. ನುಡಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಬಂದರೆ ಅಕ್ಷರ ಕಾಣಲು ಆ ಫಾಂಟ್ ಫೈಲುಗಳನ್ನು ಮಿಂಟ್‌ನಲ್ಲೂ ಹಾಕಿಕೊಳ್ಳಬೇಕು, ಅಷ್ಟೇ.

ಮಲ್ಪೆ_ಸ್ಟುಡಿಯೋ

ನಮ್ಮದು ಫೋಟೊ ಸ್ಟುಡಿಯೋ, ನಮಗೂ ಇದೇ ಪಾಡು. ಜಿಪ್ ಬಗ್ಗೆ ಯಾರಾದರೂ ಬಿಡಿಸಿ ಹೇಳಿ. ಪಾಸ್‌ವರ್ಡ್ ಹಾಕಿದ ಜಿಪ್ ಬರುತ್ತದೆ, ಪಾಸ್‌ವರ್ಡ್ ಅದೇ ಇಮೇಲಿನಲ್ಲಿ ಬರೆದಿರುತ್ತದೆ. ಸೇಫ್ ಆಗಿರಲಿ ಎಂದು ಹಾಕುವುದಲ್ವಾ?

ಮತ್ತೆ ವಾಟ್ಸಾಪ್‌ನಲ್ಲಿ ಮದುವೆ ಆಮಂತ್ರಣ ಎಂದು ಎಪಿಕೆ ಫೈಲ್ ಬರುತ್ತದೆ. ಅದು ಆಮಂತ್ರಣವೇ ಅಲ್ಲ, ಫೋನಿಗೆ ಹಾಕಿಕೊಳ್ಳುವ ಆ್ಯಪ್. ಹಾಕಿಕೊಂಡರೆ ಬ್ಯಾಂಕಿನ ಓಟಿಪಿ ಮೆಸೇಜ್ ಎಲ್ಲ ಅವರ ಕೈಗೆ ಹೋಗುತ್ತದೆ. ಆರ್‌ಟಿಒ ಚಲನ್ ಎಂದೂ ಬರುತ್ತದೆ. ಪ್ರೆಸ್‌ನವರು ದಯವಿಟ್ಟು ನಿಮ್ಮ ಗಿರಾಕಿಗಳಿಗೆ ಹೇಳಿ, ನಿಮ್ಮ ಆಮಂತ್ರಣ ಪಿಡಿಎಫ್ ಅಥವಾ ಫೋಟೊ ಆಗಿಯೇ ಹೋಗುವುದು, ಬೇರೆ ಯಾವ ರೂಪದಲ್ಲೂ ಅಲ್ಲ ಎಂದು. ಮನೆಯ ಹಿರಿಯರು ಮದುವೆ ಎಂದ ಕೂಡಲೇ ಒತ್ತಿಬಿಡುತ್ತಾರೆ.

ಕೊಡಿಯಾಲ್_ನೆಟ್‌ವರ್ಕ್

ಹೆಚ್ಚಾಗಿ ಅದು ಉಲ್ಟಾ. ಪಾಸ್‌ವರ್ಡ್ ಇರುವ ಜಿಪ್ ಒಳಗಿನ ಫೈಲನ್ನು ಬಿಚ್ಚಿ ಪರೀಕ್ಷೆ ಮಾಡಲು ಜಿಮೇಲ್‌ಗೆ ಆಗುವುದಿಲ್ಲ. ಜಿಮೇಲ್ ಸಾಧಾರಣ ಜಿಪ್ ಒಳಗಿನ ಇಎಕ್ಸ್‌ಇ, ಜೆಎಸ್ ಹಿಡಿದು ತಡೆಯುತ್ತದೆ, ಆ ಕಾವಲು ತಪ್ಪಿಸಲೆಂದೇ ಪಾಸ್‌ವರ್ಡ್ ಹಾಕುತ್ತಾರೆ. ಗುಟ್ಟು ಕಾಪಾಡಲು ಹಾಕಿದವರಾದರೆ ಪಾಸ್‌ವರ್ಡನ್ನು ಅದೇ ಇಮೇಲಿನಲ್ಲಿ ಬರೆಯುವುದಿಲ್ಲ, ಫೋನಿನಲ್ಲಿ ಹೇಳುತ್ತಾರೆ. ಬ್ಯಾಂಕಿನವರು ಸ್ಟೇಟ್‌ಮೆಂಟ್‌ಗೆ ಹಾಕುವುದು ಬೇರೆ, ಅದು ಪಿಡಿಎಫ್, ಪಾಸ್‌ವರ್ಡ್ ನಿಮಗೇ ಗೊತ್ತಿರುವಂಥದ್ದು.

ಜಿಪ್ ಬಿಚ್ಚಲು ವಿನ್‌ರಾರ್ ಬಳಸುವವರಿಗೆ ಒಂದು ಮಾತು. ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ಒಮ್ಮೆ ಹಾಕಿದ್ದು ಹಾಗೆಯೇ ವರ್ಷಗಟ್ಟಲೆ ಕೂತಿರುತ್ತದೆ. 2023ರಲ್ಲಿ ಅದರಲ್ಲಿ ಒಂದು ದೊಡ್ಡ ತೂತು ಸಿಕ್ಕಿತ್ತು. ಜಿಪ್ ತೆರೆದು ಅದರೊಳಗಿನ ಒಂದು ಫೋಟೊವನ್ನೋ ಪಿಡಿಎಫನ್ನೋ ಒತ್ತಿದರೆ, ಅದರ ಬದಲು ಅಡಗಿಸಿಟ್ಟ ಪ್ರೋಗ್ರಾಮ್ ಓಡುತ್ತಿತ್ತು. 6.23ನೇ ಆವೃತ್ತಿಯಲ್ಲಿ ಸರಿ ಮಾಡಿದ್ದಾರೆ. ಸ್ಟುಡಿಯೋದವರು, ಪ್ರೆಸ್‌ನವರು ಈಗಲೇ ಹೆಲ್ಪ್ ಮೆನುವಿನಲ್ಲಿ ಆವೃತ್ತಿ ನೋಡಿ. ಈಗಿನ ಕೊನೆಯ ಆವೃತ್ತಿ ಅಲ್ಲದಿದ್ದರೆ ತೆಗೆದು ಹೊಸದು ಹಾಕಿ.

ಇಮೇಲಿಗೆ ಹಿಡಿಯದ ದೊಡ್ಡ ಫೈಲುಗಳು ಗೂಗಲ್ ಡ್ರೈವ್ ಲಿಂಕ್ ಆಗಿ ಬರುತ್ತವೆ. ಜಿಮೇಲಿನ ಮಿತಿ 25 ಎಂಬಿ, ಹಾಗಾಗಿ ಮದುವೆ ಫೋಟೊಗಳು ಬರುವುದೇ ಹೀಗೆ. 100 ಎಂಬಿಗಿಂತ ದೊಡ್ಡ ಫೈಲನ್ನು ಡ್ರೈವ್ ವೈರಸ್ ಪರೀಕ್ಷೆ ಮಾಡುವುದಿಲ್ಲ, ಹಾಗೆಂದು ಒಂದು ಎಚ್ಚರಿಕೆ ತೋರಿಸುತ್ತದೆ. ಎಲ್ಲರೂ ಅದನ್ನು ಓದದೆ ಒತ್ತುತ್ತಾರೆ. ಇಳಿಸಿದ ಮೇಲೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನಲ್ಲಿ ಸ್ಕ್ಯಾನ್ ಮಾಡಿ.

ಚಿಕ್ಕ ಪಿಡಿಎಫ್, ವರ್ಡ್ ಫೈಲುಗಳಾದರೆ ಇಳಿಸುವ ಮೊದಲು ಜಿಮೇಲಿನಲ್ಲೇ ಒತ್ತಿ ನೋಡಿ. ಅದು ಗೂಗಲ್‌ನ ಕಂಪ್ಯೂಟರಿನಲ್ಲಿ ತೆರೆದು ನಿಮಗೆ ಚಿತ್ರ ಮಾತ್ರ ತೋರಿಸುತ್ತದೆ, ನಿಮ್ಮಲ್ಲಿ ಏನೂ ಓಡುವುದಿಲ್ಲ. ಮ್ಯಾಟರ್ ಅಲ್ಲಿಯೇ ಕಂಡರೆ ಕಾಪಿ ಮಾಡಿಕೊಳ್ಳಿ, ಎಷ್ಟೋ ಸಲ ಫೈಲ್ ಇಳಿಸುವ ಅಗತ್ಯವೇ ಬರುವುದಿಲ್ಲ. ನುಡಿ ಫಾಂಟ್ ಆದರೆ ಅಲ್ಲಿ ಅಕ್ಷರ ಕಾಣುವುದಿಲ್ಲ, ಆಗ ಇಳಿಸಲೇಬೇಕು.

ವೈರಸ್‌ಟೋಟಲ್ ಎಂಬ ಸೈಟಿನಲ್ಲಿ ಒಂದು ಫೈಲನ್ನು ಹತ್ತಾರು ಆಂಟಿವೈರಸ್‌ಗಳಿಂದ ಒಮ್ಮೆಲೇ ಪರೀಕ್ಷೆ ಮಾಡಿಸಬಹುದು, ಒಳ್ಳೆಯದೇ. ಆದರೆ ಅಲ್ಲಿ ಹಾಕಿದ ಫೈಲನ್ನು ಭದ್ರತಾ ಕಂಪನಿಗಳವರೂ ನೋಡಬಹುದು. ಸಹಕಾರಿ ಸಂಘದ ವರದಿಯಲ್ಲಿ ಸದಸ್ಯರ ಹೆಸರು, ಸಾಲದ ಲೆಕ್ಕ ಇರುತ್ತದೆ. ಅಂಥದ್ದನ್ನು ಹಾಕಬೇಡಿ, ಅದು ನಿಮ್ಮ ಸೊತ್ತಲ್ಲ.

ಪ್ರೆಸ್_ಕಿನ್ನಿಮುಲ್ಕಿ

ತುಂಬ ಉಪಕಾರ ಆಯಿತು, ಎಲ್ಲರಿಗೂ. ಕೌಂಟರಿಗೆ ಹಳೆಯದೊಂದು ಕಂಪ್ಯೂಟರ್ ಮನೆಯಲ್ಲೇ ಉಂಟು, ಅದಕ್ಕೆ ಮಿಂಟ್ ಹಾಕಿಸುತ್ತೇನೆ. ಎರಡು ಪ್ರಶ್ನೆ ಉಳಿದಿದೆ. ಆ ವಿಂಡೋಸ್ 7 ಎಂತ ಮಾಡುವುದು? ಮತ್ತೆ ಹೊಸ ಆಂಟಿವೈರಸ್ ಯಾವುದು ತೆಗೆದುಕೊಳ್ಳಲಿ? ಅಂಗಡಿಯವರು ಎರಡು ಹಾಕಿದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ.

ಕೊಡಿಯಾಲ್_ನೆಟ್‌ವರ್ಕ್

ಎರಡು ಹಾಕಬೇಡಿ, ಒಂದಕ್ಕೊಂದು ಅಡ್ಡ ಬಂದು ಕಂಪ್ಯೂಟರ್ ನಿಧಾನ ಆಗುವುದು ಬಿಟ್ಟರೆ ಬೇರೇನಿಲ್ಲ. ವರ್ಷ ಮುಗಿದದ್ದನ್ನು ಪೂರ್ತಿ ತೆಗೆದುಹಾಕಿ. ಆಗ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ತಾನಾಗಿ ಶುರುವಾಗುತ್ತದೆ. ಪ್ರತಿದಿನ ಅಪ್‌ಡೇಟ್ ಆಗುತ್ತಿದ್ದರೆ ನಿಮ್ಮಂಥ ಆಫೀಸಿಗೆ ಅದು ಸಾಕು. ಅದರಲ್ಲಿ "ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್" ಎಂದು ಒಂದು ಉಂಟು, ತಾನಾಗಿ ಆನ್ ಇರುವುದಿಲ್ಲ, ನೀವು ಆನ್ ಮಾಡಿ. ಡಿಸೈನ್ ಫೋಲ್ಡರನ್ನು ಅದಕ್ಕೆ ಸೇರಿಸಿದರೆ ಗುರುತಿಲ್ಲದ ಪ್ರೋಗ್ರಾಮ್ ಅದರ ಒಳಗೆ ಬರೆಯುವುದನ್ನು ತಡೆಯುತ್ತದೆ. ಶುರುವಿಗೆ ಕೋರೆಲನ್ನೂ ತಡೆಯಬಹುದು, ಅದಕ್ಕೆ ಅನುಮತಿ ಕೊಟ್ಟರೆ ಸರಿಯಾಗುತ್ತದೆ.

ಕ್ರ್ಯಾಕ್ ಮಾಡಿದ ವಿಂಡೋಸ್, ಕ್ರ್ಯಾಕ್ ಮಾಡಿದ ಕೋರೆಲ್ ಇದ್ದರೆ ಈ ಮಾತುಗಳೆಲ್ಲ ವ್ಯರ್ಥ. ಆ ಕ್ರ್ಯಾಕ್ ಹಾಕುವಾಗ ಮೊದಲು ಆಂಟಿವೈರಸ್ ಆಫ್ ಮಾಡಿ ಎನ್ನುತ್ತಾರೆ. ಬಾಗಿಲು ನೀವೇ ತೆರೆದು ಕೊಟ್ಟ ಮೇಲೆ ಇಮೇಲ್ ಒಂದನ್ನೇ ಕಾಯ್ದು ಏನು ಉಪಯೋಗ? ಯಾರನ್ನೂ ಬೈಯಲು ಹೇಳುವುದಲ್ಲ, ನಮ್ಮ ಜಿಲ್ಲೆಗಳ ಎಷ್ಟೋ ಅಂಗಡಿಗಳಲ್ಲಿ ಇದೇ ಪರಿಸ್ಥಿತಿ, ನೋಡುವಾಗ ಸಂಕಟ ಆಗುತ್ತದೆ.

ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ. ಅದರ ನೆಟ್ ವೈರ್ ತೆಗೆದುಬಿಡಿ, ಶೇರ್ ಫೋಲ್ಡರ್‌ನಿಂದಲೂ ಹೊರಗೆ ಹಾಕಿ. ಪೇಜ್‌ಮೇಕರ್ ಕೆಲಸ ಮಾತ್ರ ಅದರಲ್ಲಿ ಮಾಡಿ, ಫೈಲ್ ಹೋಗಿ ಬರಲು ಅದಕ್ಕೆಂದೇ ಒಂದು ಪೆನ್‌ಡ್ರೈವ್ ಇಡಿ, ಅದನ್ನು ಗಿರಾಕಿಗಳ ಯಾವ ಕಂಪ್ಯೂಟರಿಗೂ ಹಾಕಬೇಡಿ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟ್ ಮುಗಿದಿದೆ. ಕಂಪ್ಯೂಟರ್ 11ಕ್ಕೆ ಆಗುವಂಥದ್ದಾದರೆ ಏರಿಸಿ.

ಈಗ ಬ್ಯಾಕಪ್. ಇದೊಂದು ಮಾಡಿದರೆ ಉಳಿದದ್ದರಲ್ಲಿ ಅರ್ಧ ತಪ್ಪಿದರೂ ಬದುಕಿಕೊಳ್ಳುತ್ತೀರಿ. ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ವಾರಕ್ಕೊಮ್ಮೆ ಅದಲು ಬದಲು. ಕಾಪಿ ಆಗುವಷ್ಟು ಹೊತ್ತು ಮಾತ್ರ ಕನೆಕ್ಟ್ ಇರಲಿ, ಆದ ಕೂಡಲೇ ಎಳೆದು ಕಪಾಟಿನಲ್ಲಿ ಇಡಿ. ಗುಡುಗು ಶುರುವಾದರೆ ಮೋಡೆಮ್ ವೈರ್ ಎಳೆದು ಇಡುತ್ತೇವಲ್ಲ ನಾವು ಕರಾವಳಿಯವರು, ಅದೇ ಅಭ್ಯಾಸ ಇಲ್ಲಿಯೂ ಬೇಕು. ಯಾವಾಗಲೂ ಸಿಕ್ಕಿಸಿಯೇ ಇಟ್ಟ ಹಾರ್ಡ್ ಡಿಸ್ಕನ್ನು ವೈರಸ್ ಒಟ್ಟಿಗೇ ಲಾಕ್ ಮಾಡುತ್ತದೆ, ಅದು ಬ್ಯಾಕಪ್ ಅಲ್ಲ. ಮತ್ತೆ ಆಗೊಮ್ಮೆ ಈಗೊಮ್ಮೆ ಅದರಿಂದ ಒಂದು ಹಳೆ ಸಿಡಿಆರ್ ತೆಗೆದು ತೆರೆದು ನೋಡಿ, ನಿಜವಾಗಿ ಬರುತ್ತದೋ ಎಂದು.

ಮಲ್ಪೆ_ಸ್ಟುಡಿಯೋ

ಅಣ್ಣ, ನಮ್ಮದೆಲ್ಲ ಗೂಗಲ್ ಡ್ರೈವಿಗೆ ಸಿಂಕ್ ಆಗುತ್ತದೆ. ಆಗ ಹಾರ್ಡ್ ಡಿಸ್ಕ್ ಬೇಡ ಅಲ್ವಾ? ಮತ್ತೆ ಇಷ್ಟೆಲ್ಲ ಮಾಡಿಯೂ ಒಂದು ದಿನ ಯಾರಾದರೂ ತೆರೆದೇಬಿಟ್ಟರೆ ಆ ಕ್ಷಣಕ್ಕೆ ಎಂತ ಮಾಡಬೇಕು?

ಬಲ್ಮಠ_ಲೆಕ್ಕ

ಎರಡನೆಯದಕ್ಕೆ ನಾನು ಹೇಳುತ್ತೇನೆ, ನಮ್ಮ ಆಫೀಸಿನ ಗೋಡೆಯಲ್ಲಿ ಬರೆದು ಅಂಟಿಸಿದ್ದೇವೆ. ಮೊದಲು ನೆಟ್ ವೈರ್ ಎಳೆಯುವುದು, ವೈಫೈ ಆಫ್ ಮಾಡುವುದು. ಆಮೇಲೆ ಉಳಿದ ಕಂಪ್ಯೂಟರುಗಳದ್ದೂ. ತೆರೆದ ಹುಡುಗನನ್ನೋ ಹುಡುಗಿಯನ್ನೋ ಬೈಯಬಾರದು, ಇದನ್ನು ದೊಡ್ಡ ಅಕ್ಷರದಲ್ಲೇ ಬರೆದಿದ್ದೇವೆ. ಬೈದರೆ ಮುಂದಿನ ಸಲ ಅವರು ಸುಮ್ನೆ ಇರುತ್ತಾರೆ, ಆ ಹೊತ್ತಿನಲ್ಲಿ ಎಲ್ಲ ಹಾಳಾಗುತ್ತದೆ.

ನಂತರ ಬೇರೆ ಕಂಪ್ಯೂಟರಿನಿಂದ ಅಥವಾ ಫೋನಿನಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಸೈನ್ ಔಟ್ ಕೊಡಿ. ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಕದಿಯುವ ವೈರಸ್‌ಗಳೇ ಈಗ ಜಾಸ್ತಿ, ಹಾಗಾಗಿ ಬ್ಯಾಂಕಿನದ್ದೂ ಬದಲಿಸಬೇಕು. ದುಡ್ಡು ಹೋಗಿದ್ದರೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ತಡೆದು ನಿಲ್ಲಿಸುವ ಅವಕಾಶ ಜಾಸ್ತಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಉಂಟು, ಅಲ್ಲಿ ದೂರು ಕೊಡಬಹುದು.

ಫೈಲ್ ಲಾಕ್ ಆಗಿದ್ದರೆ ಗಡಿಬಿಡಿಯಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ. ದುಡ್ಡು ಕೇಳುವ ನೋಟಿಸಿನ ಫೋಟೊ ತೆಗೆದು ಇಡಿ. "ನೋ ಮೋರ್ ರ‍್ಯಾನ್ಸಮ್" ಎಂದು ಒಂದು ಸೈಟ್ ಉಂಟು, ನೆದರ್ಲೆಂಡ್ಸ್ ಪೊಲೀಸರು ಮತ್ತು ಯುರೋಪ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಜಾತಿಯ ಲಾಕಿಗೆ ಅಲ್ಲಿ ಪುಕ್ಕಟೆ ಬೀಗದ ಕೈ ಸಿಗುತ್ತದೆ, ಎಲ್ಲದಕ್ಕೂ ಅಲ್ಲ. ಪ್ರೆಸ್‌ನವರೇ, ನಿಮ್ಮ ಪರಿಚಯದವರು ಆ ಹಳೆ ಹಾರ್ಡ್ ಡಿಸ್ಕ್ ಇನ್ನೂ ಇಟ್ಟಿದ್ದರೆ ಅಲ್ಲಿ ನೋಡಲು ಹೇಳಿ. ಇವತ್ತು ಇಲ್ಲದ ಬೀಗದ ಕೈ ಮುಂದೆ ಬರಲೂಬಹುದು.

ಕೊಡಿಯಾಲ್_ನೆಟ್‌ವರ್ಕ್

ಸಿಂಕ್ ಬಗ್ಗೆ. ಸಿಂಕ್ ಎಂದರೆ ಇಲ್ಲಿ ಆದದ್ದು ಅಲ್ಲಿಯೂ ಆಗುವುದು. ನಿಮ್ಮ ಫೈಲ್ ಲಾಕ್ ಆದರೆ ಲಾಕ್ ಆದ ಫೈಲೇ ಡ್ರೈವಿಗೂ ಹೋಗುತ್ತದೆ. ಡ್ರೈವ್ ಹಳೆಯ ಆವೃತ್ತಿಗಳನ್ನು 30 ದಿನ ಇಟ್ಟಿರುತ್ತದೆ, ಅಷ್ಟರೊಳಗೆ ಒಂದೊಂದಾಗಿ ಹಿಂದಕ್ಕೆ ತರಬಹುದು. ಆದರೆ ಸ್ಟುಡಿಯೋದ ಸಾವಿರಗಟ್ಟಲೆ ಫೋಟೊ ಹಾಗೆ ತರಲು ಕೂತರೆ ಏಳಲು ಆಗುವುದಿಲ್ಲ. ಡ್ರೈವ್ ಇರಲಿ, ಹಾರ್ಡ್ ಡಿಸ್ಕೂ ಇರಲಿ. ಮದುವೆ ಶೂಟಿಂಗ್ ಮುಗಿದ ದಿನವೇ ಕ್ಯಾಮೆರಾದ ಕಾರ್ಡಿನಿಂದ ನೇರ ಒಂದು ಪ್ರತಿ ಹಾರ್ಡ್ ಡಿಸ್ಕಿಗೆ ಹಾಕಿ, ಆಲ್ಬಮ್ ಕೊಡುವವರೆಗೆ ಅದನ್ನು ಯಾವ ಕಂಪ್ಯೂಟರಿಗೂ ಸಿಕ್ಕಿಸಬೇಡಿ.

ಪ್ರೆಸ್_ಕಿನ್ನಿಮುಲ್ಕಿ

ಬಲ್ಮಠದ ಅಕ್ಕ, ನಮ್ಮ ಪರಿಚಯದವರು ಆ ಹಾರ್ಡ್ ಡಿಸ್ಕ್ ಮಾರಿಲ್ಲ, ಕೇಳಿದೆ ಈಗಲೇ. ಅಂಗಡಿಯ ಕಪಾಟಿನಲ್ಲೇ ಉಂಟಂತೆ. ನೋಟಿಸಿನ ಫೋಟೊ ಕೂಡ ಮಗನ ಫೋನಿನಲ್ಲಿ ಇದೆಯಂತೆ. ಭಾನುವಾರ ನಾನೇ ಹೋಗಿ ಆ ಸೈಟಿನಲ್ಲಿ ಹಾಕಿ ನೋಡುತ್ತೇನೆ.